ಸುತ್ತಲೂ ವಜ್ರ ಕೂರಿಸುವ ಮೊದಲು ಬೆರಳಿನ ಲೆಕ್ಕ

ಮದುವೆಯ ಹತ್ತನೇ ವರ್ಷಕ್ಕೋ ಇಪ್ಪತ್ತೈದನೇ ವರ್ಷಕ್ಕೋ ಎಟರ್ನಿಟಿ ಉಂಗುರ, ಅಂದರೆ ಸುತ್ತಲೂ ಹರಳು ಕೂರಿಸಿದ ಉಂಗುರ, ಮಾಡಿಸಲು ಬರುವವರು ಹರಳಿನ ಬಣ್ಣ, ಕ್ಲಾರಿಟಿ, ಗಣಿಯದ್ದೋ ಲ್ಯಾಬಿನದ್ದೋ ಎಂಬುದನ್ನೆಲ್ಲ ಓದಿಕೊಂಡೇ ಬಂದಿರುತ್ತಾರೆ. ಸೈಜ್ ಎಷ್ಟು ಎಂದು ಕೇಳಿದರೆ ಮಾತ್ರ ಕಿಸೆಯಿಂದ ಗಂಟು ಹಾಕಿದ ದಾರ ಹೊರಬರುತ್ತದೆ, ಇಲ್ಲವೇ ಹೆಂಡತಿಗೆ ಗೊತ್ತಾಗದಂತೆ ತಂದ ಹಳೆಯ ಉಂಗುರ. "ಅಂದಾಜಿಗೆ ಮಾಡಿ ಸಾರ್, ಹೆಚ್ಚುಕಡಿಮೆ ಆದ್ರೆ ಆಮೇಲೆ ಅಡ್ಜಸ್ಟ್ ಮಾಡಿಕೊಡಿ" ಎನ್ನುತ್ತಾರೆ.

ಸುತ್ತಲೂ ಹರಳಿರುವ ಉಂಗುರದಲ್ಲಿ ಆ "ಆಮೇಲೆ" ಎಂಬುದೇ ಇಲ್ಲ. ಬೇರೆ ಯಾವ ಮಾತು ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ. ಹಾಗಾಗಿ ಇದನ್ನೇ ಬಿಡಿಸಿ ಹೇಳುತ್ತೇನೆ.

ಸಾದಾ ಉಂಗುರ ಬಿಗಿಯಾದರೆ ಅಕ್ಕಸಾಲಿ ಅದನ್ನು ಕೆಳಭಾಗದಲ್ಲಿ ಕತ್ತರಿಸಿ, ತುಂಡು ಚಿನ್ನ ಸೇರಿಸಿ ಬೆಸೆಯುತ್ತಾನೆ. ಸುತ್ತಲೂ ಹರಳಿದ್ದರೆ ಕತ್ತರಿಸಲು ಜಾಗವೆಲ್ಲಿದೆ? ಎಳೆದು ಹಿಗ್ಗಿಸಿದರೆ ಉಂಗುರದ ಬಾಗು ಬದಲಾಗುತ್ತದೆ. ಪ್ರತಿ ಹರಳಿಗೂ ಆ ಬಾಗಿಗೆ ಸರಿಯಾಗಿ ಕೊರೆದ ಕೂರುಜಾಗವಿದೆ. ಬಾಗು ಬದಲಾದರೆ ಕೂರುಜಾಗ ಬಾಯಿ ಬಿಡುತ್ತದೆ, ಹರಳನ್ನು ಹಿಡಿದಿಡುವ ಸಣ್ಣ ಕೊಕ್ಕೆ, ಅಂದರೆ ಪ್ರಾಂಗ್, ಸಡಿಲವಾಗುತ್ತದೆ, ಹರಳು ಒಂದೊಂದಾಗಿ ಉದುರುತ್ತದೆ. ಕಲ್ಲು ಕಟ್ಟಿದ ಬಾವಿಯ ಒಂದು ಸುತ್ತಿಗೆ ಇನ್ನೊಂದು ಕಲ್ಲು ಸೇರಿಸಬೇಕೆಂದರೆ ಇಡೀ ಸುತ್ತನ್ನೇ ಬಿಚ್ಚಬೇಕಲ್ಲವೇ, ಇದೂ ಹಾಗೆಯೇ.

ಲೆಕ್ಕ ಹಾಕಿ ನೋಡೋಣ. ನಮ್ಮ ಅಂಗಡಿಗಳಲ್ಲಿ ಬಳಸುವ ಅಳತೆಯಲ್ಲಿ 14ನೇ ನಂಬರ್ ಉಂಗುರದ ಒಳಸುತ್ತು ಸುಮಾರು 54 ಮಿ.ಮೀ., ಒಳವ್ಯಾಸ ಸುಮಾರು 17.2 ಮಿ.ಮೀ. ಅದಕ್ಕೆ 2 ಮಿ.ಮೀ. ಅಗಲದ ದುಂಡು ವಜ್ರ, ಅಂದರೆ ತಲಾ ಸುಮಾರು 3 ಸೆಂಟ್ಸ್‌ನ ಹರಳು ಕೂರಿಸಬೇಕು ಎಂದುಕೊಳ್ಳಿ (ವಜ್ರದ ತೂಕದಲ್ಲಿ ನೂರು ಸೆಂಟ್ಸ್ ಸೇರಿದರೆ ಒಂದು ಕ್ಯಾರಟ್). ಹರಳಿನ ಕೆಳತುದಿ ಬೆರಳಿಗೆ ಚುಚ್ಚಬಾರದು, ಅದಕ್ಕೆ ಒಂದಿಷ್ಟು ಚಿನ್ನ ಬಿಡಬೇಕು. ಹಾಗಾಗಿ ಹರಳುಗಳ ನಡು ಕೂರುವ ಸುತ್ತು ಸುಮಾರು 62 ಮಿ.ಮೀ. ಆಗುತ್ತದೆ. ಎರಡು ಹರಳುಗಳ ನಡುವೆ 0.14 ಮಿ.ಮೀ. ಸಂದು ಬಿಟ್ಟರೆ 29 ಹರಳು ಸರಿಯಾಗಿ ಕೂರುತ್ತವೆ, ಒಟ್ಟು ಸುಮಾರು 87 ಸೆಂಟ್ಸ್. ಈಗ ಸೈಜ್ ಒಂದು ನಂಬರ್ ಏರಿತು ಎನ್ನಿ. ಸುತ್ತು 1 ಮಿ.ಮೀ. ಹೆಚ್ಚುತ್ತದೆ. ಅದು ಅರ್ಧ ಹರಳಿನ ಜಾಗ. ಅರ್ಧ ಹರಳನ್ನು ಯಾರೂ ಕೂರಿಸಲಾರರು, ಆದ್ದರಿಂದ ಆ 1 ಮಿ.ಮೀ.ಯನ್ನು 29 ಸಂದುಗಳಿಗೂ ಹಂಚಬೇಕು. ಎರಡು ನಂಬರ್ ಏರಿದರೆ 30ನೇ ಹರಳು ಬೇಕು. ಡ್ರಾಯಿಂಗ್ ಹಂತದಲ್ಲಿ ಇದು ಕಂಪ್ಯೂಟರ್‌ನಲ್ಲಿ ಮಾಡುವ ಕೆಲಸ. ಹರಳು ಕೂತ ಮೇಲೆ ಮಾಡಬೇಕಾದರೆ ಹೊಸ ಉಂಗುರವನ್ನೇ ಎರಕ ಹೊಯ್ಯಬೇಕು. ಮೇಕಿಂಗ್ ಚಾರ್ಜ್, ಸೆಟ್ಟಿಂಗ್ ಚಾರ್ಜ್ ಎರಡೂ ಮತ್ತೆ ಮೊದಲಿನಿಂದ.

ಉಂಗುರ ಒಂದಿಷ್ಟು ಸಡಿಲವಾಗಿದ್ದರೆ ಒಳಗೆ ತೆಳು ತಗಡು ಕೊಟ್ಟು ಅಲ್ಪಸ್ವಲ್ಪ ಸರಿಮಾಡಬಹುದು. ಆದರೆ ಹರಳಿನ ಹಿಂಬದಿ ಮುಚ್ಚಿಹೋಗುತ್ತದೆ, ಅಲ್ಲಿ ಸೋಪು, ಎಣ್ಣೆ ಕಟ್ಟಿಕೊಳ್ಳುತ್ತದೆ. ವಜ್ರಕ್ಕೆ ಜಿಡ್ಡು ಬಲು ಬೇಗ ಅಂಟುತ್ತದೆ. ನಮ್ಮ ಅಡುಗೆಮನೆಯ ಎಣ್ಣೆ, ಅರಿಸಿನ ಸಾಕು, ತಿಂಗಳೊಳಗೆ ಹೊಳಪು ಮಂಕಾಗಲು. ಇದನ್ನು ಉಪಾಯ ಎಂದು ಹೇಳಬಲ್ಲೆನೇ ಹೊರತು ಒಳ್ಳೆಯ ಉಪಾಯ ಎನ್ನಲಾರೆ.

ದಾರದ ಅಳತೆ ಯಾಕೆ ನಂಬಬಾರದು ಎಂದರೆ, ದಾರ ಹಿಗ್ಗುತ್ತದೆ, ಬೆರಳಿನ ಗೆಣ್ಣನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಉಂಗುರದ ಅಗಲವನ್ನಂತೂ ತೋರಿಸುವುದೇ ಇಲ್ಲ. ತೆಳು ಉಂಗುರಕ್ಕೆ ಸರಿಹೊಂದುವ ನಂಬರ್ 4–5 ಮಿ.ಮೀ. ಅಗಲದ ಪಟ್ಟಿಗೆ ಬಿಗಿಯಾಗುತ್ತದೆ. ಹಳೆಯ ಉಂಗುರ ಯಾವ ಕೈಯದ್ದು, ಯಾವ ಬೆರಳಿನದ್ದು ಎಂಬುದೂ ಎಷ್ಟೋ ಗಂಡಂದಿರಿಗೆ ಗೊತ್ತಿರುವುದಿಲ್ಲ. ಬಲಗೈ ಬಳಸುವವರಿಗೆ ಬಲಗೈ ಬೆರಳೇ ಸಾಮಾನ್ಯವಾಗಿ ದಪ್ಪ. ಬೆಳಿಗ್ಗೆ ಇದ್ದ ಬೆರಳು ಸಂಜೆಗಿಲ್ಲ, ಬೇಸಿಗೆಯಲ್ಲಿದ್ದದ್ದು ಎ.ಸಿ. ಕೋಣೆಯಲ್ಲಿಲ್ಲ. ಬಸುರಿ, ಬಾಣಂತಿಯ ಕಾಲದಲ್ಲಿ ಅಳತೆ ಕೊಡಲೇಬೇಡಿ. ಊತ ಇಳಿದು ಕೆಲವು ತಿಂಗಳಾದ ಮೇಲೆ ಬನ್ನಿ, ವಜ್ರಕ್ಕೆ ಅವಸರವಿಲ್ಲ.

ನಾನು ಹೇಳುವ ಕ್ರಮ ಸರಳ. ಮಾಡಿಸಬೇಕಾದ ಉಂಗುರದಷ್ಟೇ ಅಗಲ, ಅಷ್ಟೇ ದಪ್ಪದ ಸಾದಾ ಬೆಳ್ಳಿ ಉಂಗುರವೊಂದನ್ನು ಮೊದಲು ಮಾಡಿಸಿ. ಒಂದು ವಾರ ಹಾಕಿಕೊಂಡೇ ಇರಿ. ಪಾತ್ರೆ ತೊಳೆಯಿರಿ, ಸ್ಕೂಟರ್ ಓಡಿಸಿ, ಮಲಗಿ ಏಳಿ. ಗೆಣ್ಣು ದಾಟುವಾಗ ಸ್ವಲ್ಪ ತಡೆಯಬೇಕು, ಬುಡದಲ್ಲಿ ಒತ್ತಬಾರದು. ಪಕ್ಕದ ಬೆರಳುಗಳಿಗೆ ತಗುಲಿ ಕಿರಿಕಿರಿಯಾದರೆ ಅದೂ ಆಗಲೇ ಗೊತ್ತಾಗುತ್ತದೆ. ಹೆಂಡತಿಗೆ ಅಚ್ಚರಿ ಕೊಡಲೇಬೇಕು ಎನ್ನುವವರು ಆ ದಿನ ಬೆಳ್ಳಿ ಉಂಗುರವನ್ನೇ ಡಬ್ಬಿಯಲ್ಲಿಟ್ಟು ಕೊಡಿ, ಅಚ್ಚರಿಗೆ ಏನೂ ಕೊರತೆಯಾಗುವುದಿಲ್ಲ.

ಗೆಣ್ಣಿಗೂ ಬುಡಕ್ಕೂ ಎರಡು ನಂಬರ್‌ಗಿಂತ ಹೆಚ್ಚು ವ್ಯತ್ಯಾಸವಿರುವವರಿಗೆ, ಸಂಧಿವಾತ ಅಥವಾ ಥೈರಾಯ್ಡ್‌ನಿಂದ ಬೆರಳು ಊದಿ ಇಳಿಯುವವರಿಗೆ, ಇಪ್ಪತ್ತರ ಹರೆಯದಲ್ಲೇ ಮಾಡಿಸುವವರಿಗೆ ಪೂರ್ತಿ ಸುತ್ತು ಬೇಡ ಎಂದೇ ಹೇಳುತ್ತೇನೆ. ಬೆರಳು ಸೇರಿಸಿ ಹಿಡಿದಾಗ ಕಣ್ಣಿಗೆ ಬೀಳುವುದು ಉಂಗುರದ ಮೇಲ್ಭಾಗ ಮಾತ್ರ. ಮೇಲೆ ಹೇಳಿದ ಅಳತೆಯಲ್ಲೇ ಶೇ. 60ರಷ್ಟು ಸುತ್ತಿಗೆ 17 ಹರಳು, 51 ಸೆಂಟ್ಸ್ ಸಾಕು. ಕೆಳಗೆ 25 ಮಿ.ಮೀ. ಸಾದಾ ಚಿನ್ನ ಉಳಿಯುತ್ತದೆ. ಮುಂದೆ ಒಂದೆರಡು ನಂಬರ್ ಹಿಗ್ಗಿಸಲು ಕುಗ್ಗಿಸಲು ಅದು ಒದಗುತ್ತದೆ. ಅದಕ್ಕಿಂತ ಹೆಚ್ಚು ಬದಲಿಸಿದರೆ ಮೇಲಿನ ಹರಳೂ ಅಲುಗಬಹುದು. ಇನ್ನೊಂದು ಲಾಭವಿದೆ. ಸ್ಟೀರಿಂಗ್, ಕುಕ್ಕರ್ ಹಿಡಿ, ಜಿಮ್ಮಿನ ರಾಡ್ ಎಲ್ಲವೂ ತಗಲುವುದು ಅಂಗೈ ಕಡೆಗೆ. ವಜ್ರ ಗೀಚು ಬೀಳದಷ್ಟು ಗಟ್ಟಿ ನಿಜ, ಆದರೆ ಸರಿಯಾದ ಕೋನದಲ್ಲಿ ಏಟು ಬಿದ್ದರೆ ಅಂಚು ಸಿಡಿಯುತ್ತದೆ. ನಾಲ್ಕು ಮೂಲೆಯ ಪ್ರಿನ್ಸೆಸ್ ಕಟ್‌ನಲ್ಲಂತೂ ಮೂಲೆಗಳೇ ಮೊದಲು ಹೋಗುವುದು. ಪೂರ್ತಿ ಸುತ್ತಿನ ಉಂಗುರ ಬೆರಳಲ್ಲಿ ತಿರುಗಿದರೂ ಒಂದೇ ಥರ ಕಾಣುತ್ತದೆ. ಅದು ನಿಜವಾದ ಅನುಕೂಲ, ಅದಕ್ಕಾಗಿ ಬಯಸುವವರನ್ನು ತಡೆಯುವುದಿಲ್ಲ.

ಸೆಟ್ಟಿಂಗ್ ಬಗ್ಗೆ ಒಂದೆರಡು ಮಾತು. ಶೇರ್ಡ್ ಪ್ರಾಂಗ್‌ನಲ್ಲಿ ಚಿನ್ನ ಕಡಿಮೆ ಕಾಣುತ್ತದೆ, ಹೊಳಪು ಹೆಚ್ಚು. ಆದರೆ ಒಂದು ಪ್ರಾಂಗ್ ಎರಡು ಹರಳನ್ನು ಹಿಡಿದಿರುತ್ತದೆ, ಅದು ಸವೆದರೆ ಎರಡಕ್ಕೂ ಅಪಾಯ. ಹರಳಿನ ಅಂಚು ಬದಿಗೆ ತೆರೆದಿರುವುದರಿಂದ ಪಕ್ಕದಲ್ಲಿ ಹಾಕಿದ ಚಿನ್ನದ ಉಂಗುರವನ್ನು ಅರದಂತೆ ತಿನ್ನುತ್ತದೆ. ಮದುವೆ ಉಂಗುರದ ಜೊತೆಗೇ ಹಾಕುವವರು ಹರಳುಗಳನ್ನು ಎರಡು ಗೋಡೆಗಳ ನಡುವೆ ಸಾಲಾಗಿ ಕೂರಿಸುವ ಚಾನೆಲ್ ಸೆಟ್ಟಿಂಗ್ ಆರಿಸಿಕೊಳ್ಳಿ. ಎರಡೂ ಬದಿಗೆ 0.7–0.8 ಮಿ.ಮೀ. ಗೋಡೆ ಬರುತ್ತದೆ, 2 ಮಿ.ಮೀ. ಹರಳಿಗೆ ಪಟ್ಟಿ ಸುಮಾರು 3.5 ಮಿ.ಮೀ. ಅಗಲವಾಗುತ್ತದೆ. ಚಾನೆಲ್‌ನಲ್ಲಿ ಗೋಡೆ ಸ್ವಲ್ಪ ಬಾಗಿದರೂ ಸಾಲಿನ ಹಲವು ಹರಳು ಒಟ್ಟಿಗೆ ಸಡಿಲವಾಗುತ್ತವೆ, ಆದ್ದರಿಂದ ತೂಕ ಉಳಿಸಲು ಗೋಡೆ ತೆಳುವಾಗಿಸಬೇಡಿ.

"ನಮ್ಮನೇಲಿ 916 ಬಿಟ್ಟು ಬೇರೆ ಹಾಕಲ್ಲ" ಎನ್ನುವ ಅಮ್ಮಂದಿರ ಪ್ರೀತಿ ಅರ್ಥವಾಗುತ್ತದೆ. ಆದರೂ 22 ಕ್ಯಾರಟ್ ಸಣ್ಣ ಪ್ರಾಂಗ್‌ಗೆ ಮೆದು. 18 ಕ್ಯಾರಟ್, ಅಂದರೆ 750 ಮುದ್ರೆಯದ್ದು, ಬೇಕು. ಹಳೆಯ ಬಳೆ ಕರಗಿಸಿ ಅದರಲ್ಲೇ ಮಾಡಿಸುವುದಾದರೆ ಮೊದಲು ಶುದ್ಧೀಕರಿಸಲು ಹೇಳಿ. ಹಳೆಯ ಬೆಸುಗೆ ಉಳಿದರೆ ಎರಕದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಪ್ರಾಂಗ್ ಮುರಿಯಬಹುದು. ಬಿಳಿ ಚಿನ್ನದ ರೋಡಿಯಂ ಲೇಪ ಸವೆಯುತ್ತದೆ, ಆಗಾಗ ಮತ್ತೆ ಹಾಕಿಸಬೇಕು. ಅದು ಬೇಡ ಎನ್ನುವವರಿಗೆ ಪ್ಲಾಟಿನಂ ಇದೆ.

ಆರ್ಡರ್ ಕೊಡುವಾಗಲೇ ಅದೇ ಲಾಟ್‌ನಿಂದ ಎರಡು ಮೂರು ಹೆಚ್ಚುವರಿ ಹರಳು ಕೊಂಡು ಪೊಟ್ಟಣದಲ್ಲಿಟ್ಟುಕೊಳ್ಳಿ. ಐದು ವರ್ಷದ ನಂತರ ಒಂದು ಬಿದ್ದರೆ ಅದೇ ಅಳತೆ, ಅದೇ ಬಣ್ಣದ್ದನ್ನು ಹುಡುಕುವುದು ಸುಲಭವಲ್ಲ. ಬಿಲ್ಲಿನಲ್ಲಿ ಹರಳುಗಳ ಸಂಖ್ಯೆ, ಒಟ್ಟು ಕ್ಯಾರಟ್, ಚಿನ್ನದ ನಿವ್ವಳ ತೂಕ ಬೇರೆಬೇರೆಯಾಗಿ ಬರೆಸಿ. 1 ಕ್ಯಾರಟ್ ವಜ್ರ 0.2 ಗ್ರಾಂ, ಅದನ್ನು ಚಿನ್ನದ ದರಕ್ಕೆ ಸೇರಿಸಬಾರದು. ಹಾಲ್‌ಮಾರ್ಕ್‌ನ ಆರು ಅಕ್ಷರ-ಅಂಕಿಗಳ ಗುರುತಿನ ಸಂಕೇತವಾದ ಎಚ್‌ಯುಐಡಿ ಉಂಗುರದ ಮೇಲೆ ಇರಬೇಕು. ಪೂರ್ತಿ ಸುತ್ತಿನ ಉಂಗುರದಲ್ಲಿ ಅದಕ್ಕೆ ಜಾಗ ಕಡಿಮೆ, ಎಲ್ಲಿ ಹಾಕುತ್ತಾರೆಂದು ಡ್ರಾಯಿಂಗ್‌ನಲ್ಲೇ ಕೇಳಿ.

ಉಂಗುರ ಕೈಗೆ ಬಂದಾಗ ಕಿವಿಯ ಬಳಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಹರಳು ಸಡಿಲವಿದ್ದರೆ ಸಣ್ಣಗೆ ಗಲಗಲ ಸದ್ದು ಬರುತ್ತದೆ. ಆಮೇಲೆ ತೆಳು ರೇಷ್ಮೆ ಬಟ್ಟೆಯನ್ನು ಸುತ್ತಲೂ ಸವರಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಪ್ರಾಂಗ್ ಸರಿಯಾಗಿ ಕೂತಿಲ್ಲ. ಬಾಕಿ ಹಣ ಕೊಡುವ ಮೊದಲೇ ಅದನ್ನು ತಿದ್ದಿಸಿಕೊಳ್ಳಿ.