ಲೇಸಿಕ್, ಪಿಆರ್‌ಕೆ, ಸ್ಮೈಲ್, ಐಸಿಎಲ್: ಕಾರ್ನಿಯಾ ಕಲಿಸಿದ ಲೆಕ್ಕ

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ನಡುಭಾಗದಲ್ಲಿ ಸರಾಸರಿ 540 ಮೈಕ್ರಾನ್ ದಪ್ಪ ಇರುತ್ತದೆ, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅದರ ಬಾಗು ತಿದ್ದಿದರೆ ಕನ್ನಡಕದ ಪವರ್ ಹೋಗುತ್ತದೆ ಎಂಬುದು ಬೇಗ ತಿಳಿಯಿತು. ಎಷ್ಟು ತಿದ್ದಿದರೆ ಅದು ತಾಳೀತು ಎಂದು ತಿಳಿಯಲು ಮಾತ್ರ ದಶಕಗಳು ಬೇಕಾದವು. ಕನ್ನಡಕ ಬಿಡಿಸುವ ಶಸ್ತ್ರಚಿಕಿತ್ಸೆಗಳಾದ ಲೇಸಿಕ್, ಪಿಆರ್‌ಕೆ, ಸ್ಮೈಲ್, ಐಸಿಎಲ್‌ಗಳಲ್ಲಿ ಯಾವುದು ಯಾರಿಗೆ ಎಂಬುದು ನಿಂತಿರುವುದು ಈ ಲೆಕ್ಕದ ಮೇಲೆ.

ಬಾಗು ತಿದ್ದಲೆಂದು ಜಪಾನಿನ ವೈದ್ಯ ತ್ಸುತೋಮು ಸಾತೊ ಕಾರ್ನಿಯಾದ ಒಳಮೈಗೂ ಗೀರು ಹಾಕಿದರು. ಕಾರ್ನಿಯಾದಿಂದ ನೀರು ಹೊರಹಾಕಿ ಅದನ್ನು ತಿಳಿಯಾಗಿಡುವ ಜೀವಕೋಶಗಳ ಪದರ ಇರುವುದೇ ಅಲ್ಲಿ. ಆ ಪದರ ಹಾಳಾದ ಎಷ್ಟೋ ಕಣ್ಣುಗಳು ವರ್ಷಗಳ ನಂತರ ಊದಿಕೊಂಡು ಮಸುಕಾದವು. 1970ರ ದಶಕದಲ್ಲಿ ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೊದೊರೊವ್ ಹೊರಮೈಯಲ್ಲಷ್ಟೇ ಆಳವಾದ ಗೀರುಗಳನ್ನು ಹಾಕುವ ವಿಧಾನವನ್ನು ಬೆಳೆಸಿದರು. ಅದು ಜಗತ್ತಿನಾದ್ಯಂತ ಹರಡಿತು. ಆದರೆ ಅಮೆರಿಕದಲ್ಲಿ ಹತ್ತು ವರ್ಷ ನಡೆದ ಅಧ್ಯಯನದಲ್ಲಿ ಶೇ 43ರಷ್ಟು ಕಣ್ಣುಗಳು ಒಂದು ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಮಾನ) ಅಥವಾ ಅದಕ್ಕೂ ಹೆಚ್ಚು ಪ್ಲಸ್ ಪವರ್ ಕಡೆಗೆ ಜಾರಿದ್ದು ಕಂಡುಬಂತು. ಗೀರು ಬಿದ್ದ ಕಾರ್ನಿಯಾ ಸಡಿಲಗೊಳ್ಳುತ್ತಲೇ ಹೋಗಿತ್ತು.

1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಸಹೋದ್ಯೋಗಿಗಳು 193 ನ್ಯಾನೊಮೀಟರ್‌ನ ಎಕ್ಸೈಮರ್ ಲೇಸರ್ ಅಂಗಾಂಶವನ್ನು ಸುಡದೆಯೇ ಕೆತ್ತುವುದನ್ನು ಕಂಡರು. ಅದನ್ನು ಕಾರ್ನಿಯಾಕ್ಕೆ ತಂದವರು ಸ್ಟೀಫನ್ ಟ್ರೋಕೆಲ್. ಹೀಗೆ ಹುಟ್ಟಿದ್ದು ಪಿಆರ್‌ಕೆ. ಇದರಲ್ಲಿ ಕಾರ್ನಿಯಾದ ಮೇಲಿನ ಸುಮಾರು 50 ಮೈಕ್ರಾನ್ ಹೊರಪದರವನ್ನು, ಅಂದರೆ ಎಪಿಥೀಲಿಯಂ ಅನ್ನು ಕೆರೆದು ತೆಗೆದು, ಅದರ ಕೆಳಗೆ ಲೇಸರ್ ಹಾಯಿಸುತ್ತಾರೆ. ಎಪಿಥೀಲಿಯಂ ಮತ್ತೆ ಬೆಳೆಯುತ್ತದೆ. ಮೂರು–ನಾಲ್ಕು ದಿನ ಒಳ್ಳೆಯ ನೋವಿರುತ್ತದೆ, ನೋಟ ತಿಳಿಯಾಗಲು ವಾರಗಳೇ ಬೇಕು. ಹೆಚ್ಚು ಪವರ್ ತೆಗೆದಾಗ ಮಸುಕು ಕಲೆ ಬೀಳಬಹುದು. ಅದನ್ನು ತಡೆಯಲು ಶೇ 0.02ರ ಮೈಟೊಮೈಸಿನ್ ಎಂಬ ಔಷಧಿ ಬಳಸುತ್ತಾರೆ.

ಈ ನೋವನ್ನು ತಪ್ಪಿಸಿದ್ದು ಲೇಸಿಕ್. ಪದರ ಕತ್ತರಿಸಿ ಆಕಾರ ತಿದ್ದುವುದು ಬೊಗೊಟಾದ ಹೊಸೆ ಬರಾಕೆರ್ ಅವರ ಹಳೆಯ ಯೋಚನೆ. ಅದಕ್ಕೆ ಲೇಸರನ್ನು ಜೋಡಿಸಿದವರಲ್ಲಿ ಕ್ರೀಟ್‌ನ ಇಯೊಆನಿಸ್ ಪಲ್ಲಿಕಾರಿಸ್ ಪ್ರಮುಖರು. 100–120 ಮೈಕ್ರಾನ್ ದಪ್ಪದ ಮುಚ್ಚಳದಂಥ ಪದರವನ್ನು, ಅಂದರೆ ಫ್ಲ್ಯಾಪ್ ಅನ್ನು ಎತ್ತಿ, ಕೆಳಗೆ ಕೆತ್ತಿ, ಮತ್ತೆ ಮುಚ್ಚಿದರೆ ಮರುದಿನವೇ ನೋಟ ಸಿಗುತ್ತದೆ. ಆದರೆ ಫ್ಲ್ಯಾಪ್ ಜೊತೆಗೆ ನರಗಳೂ ತುಂಡಾಗುವುದರಿಂದ ತಿಂಗಳುಗಟ್ಟಲೆ ಕಣ್ಣು ಒಣಗುವುದುಂಟು. ಜೋರು ಪೆಟ್ಟು ಬಿದ್ದರೆ ವರ್ಷಗಳ ನಂತರವೂ ಫ್ಲ್ಯಾಪ್ ಜರುಗಬಹುದು. 1998ರಲ್ಲಿ ಥಿಯೊ ಸೈಲರ್ ಅದಕ್ಕಿಂತ ಗಂಭೀರವಾದ ತೊಂದರೆಯನ್ನು ವರದಿ ಮಾಡಿದರು. ಅದು ಎಕ್ಟೇಸಿಯ, ಅಂದರೆ ತೆಳುವಾದ ಕಾರ್ನಿಯಾ ಮುಂದಕ್ಕೆ ಉಬ್ಬುವುದು.

ಆಯ್ಕೆಯ ಲೆಕ್ಕ ನಿಂತಿರುವುದು ಈ ಭಯದ ಮೇಲೆಯೇ. 6.5 ಮಿಲಿಮೀಟರ್ ವ್ಯಾಸದಲ್ಲಿ ಒಂದು ಡಯಾಪ್ಟರ್ ತೆಗೆಯಲು ಸುಮಾರು 14 ಮೈಕ್ರಾನ್ ಬೇಕು. 500 ಮೈಕ್ರಾನ್ ಕಾರ್ನಿಯಾ, ಮೈನಸ್ 9 ಪವರ್ ಎಂದುಕೊಳ್ಳಿ. ಫ್ಲ್ಯಾಪ್ 110, ಕೆತ್ತನೆ 126. ಕೆಳಗೆ ಉಳಿಯುವುದು 264. ಕನಿಷ್ಠ 250 ಎಂಬ ಹಳೆಯ ಮಿತಿಯನ್ನು ಇದು ದಾಟುತ್ತದೆ. ಆದರೆ ಫ್ಲ್ಯಾಪ್ ಸೇರಿ ಕೈಯಿಟ್ಟ ಪಾಲು ಶೇ 47. ಶೇ 40 ಮುಟ್ಟಿದರೆ ಅಪಾಯ ಹೆಚ್ಚು ಎಂಬುದು ಈಚಿನ ಎಚ್ಚರಿಕೆ. ಈ ಕಣ್ಣಿಗೆ ಲೇಸಿಕ್ ಬೇಡ ಎನ್ನುವುದೇ ಸರಿ.

ಸ್ಮೈಲ್ ಆದರೆ? ಜರ್ಮನಿಯಲ್ಲಿ ವಾಲ್ಟರ್ ಸೆಕುಂಡೊ ಮತ್ತು ಮಾರ್ಕುಸ್ ಬ್ಲೂಮ್ ರೂಪಿಸಿದ ಈ ವಿಧಾನದಲ್ಲಿ ಫ್ಲ್ಯಾಪ್ ಇಲ್ಲ. ಅತಿ ಕಿರು ಮಿಡಿತಗಳ ಫೆಮ್ಟೊಸೆಕೆಂಡ್ ಲೇಸರ್ ಕಾರ್ನಿಯಾದ ಒಳಗೇ ಒಂದು ತೆಳುಬಿಲ್ಲೆಯನ್ನು ಬಿಡಿಸುತ್ತದೆ; 2–4 ಮಿಲಿಮೀಟರ್ ಸೀಳಿನಿಂದ ವೈದ್ಯರು ಅದನ್ನು ಹೊರಗೆಳೆಯುತ್ತಾರೆ. ನರಗಳು ಹೆಚ್ಚು ಉಳಿಯುತ್ತವೆ, ಶುಷ್ಕತೆ ಕಡಿಮೆ. ಆದರೆ ಇದು ಅಂಗಾಂಶ ಉಳಿಸುತ್ತದೆ ಎಂಬ ಪ್ರಚಾರವನ್ನು ಪೂರ್ತಿ ನಂಬಬೇಡಿ. ಬಿಲ್ಲೆ ಹರಿಯದಿರಲೆಂದು ಅಂಚಿನಲ್ಲಿ ಹತ್ತು–ಹದಿನೈದು ಮೈಕ್ರಾನ್ ಹೆಚ್ಚುವರಿ ದಪ್ಪ ಇಡಬೇಕಾಗುತ್ತದೆ. ಪವರ್ ಸ್ವಲ್ಪ ಉಳಿದರೆ ಮತ್ತೆ ತಿದ್ದುವುದೂ ಲೇಸಿಕ್‌ನಷ್ಟು ಸುಲಭವಲ್ಲ.

ಮೇಲೆ ಲೆಕ್ಕ ಹಾಕಿದಂಥ, ಹೆಚ್ಚು ಪವರಿನ ಕಣ್ಣಿಗೆ ನಾವು ಮೊದಲು ಯೋಚಿಸಬೇಕಾದ್ದು ಐಸಿಎಲ್. ಕಾರ್ನಿಯಾವನ್ನು ಕೆತ್ತದೆ, ಐರಿಸ್ ಹಿಂದೆ, ಸಹಜ ಮಸೂರದ ಮುಂದೆ ಮೃದು ಲೆನ್ಸ್ ಕೂರಿಸುತ್ತಾರೆ, ಬೇಕಾದರೆ ತೆಗೆಯಬಹುದು. ಕಣ್ಣಿನ ಮುಂದಿನ ಕೋಣೆ ಸುಮಾರು 3 ಮಿಲಿಮೀಟರ್ ಆಳ ಇರಬೇಕು, ಕಾರ್ನಿಯಾದ ಒಳಪದರದ ಜೀವಕೋಶಗಳ ಎಣಿಕೆಯೂ ಚೆನ್ನಾಗಿರಬೇಕು. ಲೆನ್ಸ್ ಅಳತೆ ತಪ್ಪಿ ಮಸೂರಕ್ಕೆ ತೀರಾ ಹತ್ತಿರವಾದರೆ ಕಣ್ಣಿನ ಪೊರೆ ಬರಬಹುದು. ತೀರಾ ದೂರವಾದರೆ ಕಣ್ಣಿನೊಳಗಿನ ಒತ್ತಡ ಏರಬಹುದು.

ಕಾರ್ನಿಯಾ ತಾನಾಗಿಯೇ ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೊಕೋನಸ್ ರೋಗದ ಅನುಮಾನವಿದ್ದರೆ ಲೇಸಿಕ್, ಸ್ಮೈಲ್ ಎರಡೂ ಬೇಡ. ಅದನ್ನು ಪತ್ತೆಹಚ್ಚುವುದು ಕಾರ್ನಿಯಾದ ಆಕಾರದ ನಕ್ಷೆಯಾದ ಟೊಪೋಗ್ರಫಿ. ಆ ನಕ್ಷೆ ನಂಬಿಕೆಗೆ ಅರ್ಹವಾಗಬೇಕಾದರೆ ಮೃದು ಕಾಂಟ್ಯಾಕ್ಟ್ ಲೆನ್ಸನ್ನು ಒಂದೆರಡು ವಾರ, ಗಡಸು ಲೆನ್ಸನ್ನು ಮೂರು–ನಾಲ್ಕು ವಾರ ಮೊದಲೇ ಬಿಟ್ಟಿರಬೇಕು. ಪವರ್ ಒಂದು ವರ್ಷದಿಂದ ಬದಲಾಗದಿರಬೇಕು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಕಾಯುವುದು ಒಳ್ಳೆಯದು. ಯಾವ ಲೇಸರ್ ಮಾಡಿಸಿಕೊಂಡರೂ ನಲವತ್ತು ದಾಟಿದ ಮೇಲೆ ಚಾಳೀಸು ಬಂದೇ ಬರುತ್ತದೆ.

ಶಸ್ತ್ರಚಿಕಿತ್ಸೆಗೆ ಮೊದಲಿನ ಪವರ್, ದಪ್ಪ ಮತ್ತು ಟೊಪೋಗ್ರಫಿಯ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಡಿ. ಲೇಸರ್ ಆದ ಕಣ್ಣಿಗೆ ಮುಂದೆ ಪೊರೆ ಬಂದಾಗ ಮಾಮೂಲಿ ಸೂತ್ರಗಳು ಕಣ್ಣೊಳಗೆ ಕೂರಿಸುವ ಕೃತಕ ಲೆನ್ಸಿನ ಪವರನ್ನು ತಪ್ಪಾಗಿ ತೋರಿಸುತ್ತವೆ. ಆಗ ಲೆಕ್ಕ ಸರಿಪಡಿಸಲು ಆ ಕಾಗದಗಳು ಬೇಕಾಗುತ್ತವೆ.