ಓಡುವ ಸಿಂಹಕ್ಕಾಗಿ ಹುಟ್ಟಿದ ಕ್ಯಾಮೆರಾ

1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಬೇಟೆಗೆ ಹೊರಟರು. ಅದೇ ವರ್ಷ ಷಿಕಾಗೊದಲ್ಲಿ ವಿಲಿಯಂ ಸೆಲಿಗ್ ಎಂಬ ನಿರ್ಮಾಪಕ ಸ್ಟುಡಿಯೋದಲ್ಲೇ ಕಾಡಿನ ಸೆಟ್ ಹಾಕಿಸಿದರು. ರೂಸ್‌ವೆಲ್ಟ್‌ರನ್ನು ಹೋಲುವ ನಟನನ್ನು ನಿಲ್ಲಿಸಿ, ಮುದಿ ಸಿಂಹವೊಂದನ್ನು ತರಿಸಿ, ಕ್ಯಾಮೆರಾ ಎದುರೇ ಗುಂಡಿಕ್ಕಿ ಕೊಲ್ಲಿಸಿದರು. ಆ ಮೂಕಿ ಚಿತ್ರ ಭರ್ಜರಿಯಾಗಿ ಓಡಿತು. ರೂಸ್‌ವೆಲ್ಟ್ ಇದ್ದಲ್ಲಿಗೇ ಹೋಗಿ ಚೆರ್ರಿ ಕೀರ್ಟನ್ ಎಂಬ ಛಾಯಾಗ್ರಾಹಕ ತೆಗೆದ ನಿಜವಾದ ಚಿತ್ರ ಜನಕ್ಕೆ ಅಷ್ಟು ಹಿಡಿಸಲಿಲ್ಲ. ಆ ಮುದಿ ಸಿಂಹವನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಿಜವಾದ ಕಾಡಿನಲ್ಲಿ ಓಡುವ ಸಿಂಹವನ್ನು ಚಿತ್ರಿಸೋದು ಯಾಕಷ್ಟು ಕಷ್ಟವಾಗಿತ್ತು? ತೊಡಕು ಯಂತ್ರದಲ್ಲೇ ಇತ್ತು. ಅಂದಿನ ಕ್ಯಾಮೆರಾ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರುವ ಭಾರದ ಪೆಟ್ಟಿಗೆ. ಒಂದು ಹಿಡಿಕೆಯನ್ನು ಸೆಕೆಂಡಿಗೆ ಸುಮಾರು ಎರಡು ಸುತ್ತಿನಂತೆ ಒಂದೇ ಸಮ ತಿರುಗಿಸುತ್ತಿರಬೇಕು. ಆಗ ಸುಮಾರು 16 ಚಿತ್ರಗಳು ಮೂಡುತ್ತವೆ. ಕ್ಯಾಮೆರಾವನ್ನು ಪಕ್ಕಕ್ಕೆ ಹೊರಳಿಸಲು ಇನ್ನೊಂದು ಹಿಡಿಕೆ, ಮೇಲೆ ಕೆಳಗೆ ಬಾಗಿಸಲು ಮತ್ತೊಂದು. ಮನುಷ್ಯನಿಗಿರೋದು ಎರಡೇ ಕೈ ಅಲ್ವಾ?

ಈ ಕಷ್ಟವನ್ನು ಕಾರ್ಲ್ ಏಕ್ಲಿ ಕಣ್ಣಾರೆ ಕಂಡರು. ಸತ್ತ ಪ್ರಾಣಿಯ ಚರ್ಮವನ್ನು ಹದಮಾಡಿ, ಜೀವ ಇರುವಂತೆಯೇ ನಿಲ್ಲಿಸುವುದು ಅವರ ಕಸುಬು. ನಮ್ಮ ಮೈಸೂರಿನ ವ್ಯಾನ್ ಇಂಗನ್ ಮನೆತನ ಮಾಡುತ್ತಿತ್ತಲ್ಲ, ಅದೇ ಕೆಲಸ. 1910ರ ಹೊತ್ತಿಗೆ ಪೂರ್ವ ಆಫ್ರಿಕಾದಲ್ಲಿ ನಂದಿ ಜನಾಂಗದವರು ಈಟಿ ಹಿಡಿದು ಸಿಂಹವನ್ನು ಸುತ್ತುವರಿಯುವುದನ್ನು ಚಿತ್ರಿಸಲು ಅವರು ಹೊರಟರು. ಕ್ಯಾಮೆರಾ ತಿರುಗುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಊರಿಗೆ ಮರಳಿದ ಮೇಲೆ ಅವರು ತಮ್ಮದೇ ಕ್ಯಾಮೆರಾ ಕಟ್ಟಲು ಕೂತರು. ಅದು ಚೌಕವಲ್ಲ, ದುಂಡಗೆ ಇತ್ತು. ಅದಕ್ಕೇ ಅಮೆರಿಕದವರು ಅದನ್ನು ಪ್ಯಾನ್‌ಕೇಕ್ ಎಂದು ಕರೆದರು. ನನಗೆ ತುಂಬ ಇಷ್ಟವಾಗುವುದು ಅದರ ಸ್ಟ್ಯಾಂಡಿನ ತಲೆ. ಒಳಗೆ ಹಲ್ಲಿನ ಚಕ್ರಗಳು, ಅವಕ್ಕೆ ಜೋಡಿಸಿದ ಭಾರದ ಗಾಲಿಗಳು. ಒಂದೇ ಹಿಡಿಕೆಯಿಂದ ಕ್ಯಾಮೆರಾವನ್ನು ಯಾವ ಕಡೆಗೆ ತಿರುಗಿಸಿದರೂ ಈ ಗಾಲಿಗಳು ಜೋರಾಗಿ ಸುತ್ತುತ್ತವೆ. ಸುತ್ತುವ ಭಾರದ ಗಾಲಿ ತನ್ನ ವೇಗವನ್ನು ತಟ್ಟನೆ ಬದಲಿಸಲು ಒಪ್ಪುವುದಿಲ್ಲ. ಹೀಗಾಗಿ ಕೈಯ ನಡುಕ, ಎಳೆತ ಎಲ್ಲ ಅಲ್ಲೇ ಅಡಗಿ ಚಿತ್ರ ನಯವಾಗಿ ಸಾಗುತ್ತದೆ. ದೂರದ ಪ್ರಾಣಿಯನ್ನು ಹತ್ತಿರ ತರುವ ಲೆನ್ಸ್ ಸಣ್ಣ ನಡುಕವನ್ನೂ ದೊಡ್ಡದು ಮಾಡುತ್ತದೆ. ಅಂಥ ಕಡೆ ಇದು ದೊಡ್ಡ ವರ.

ಲೆನ್ಸುಗಳೂ ಜೋಡಿಯಾಗಿದ್ದವು. ಒಂದು ಫಿಲ್ಮಿಗೆ, ಇನ್ನೊಂದು ಕಣ್ಣಿಗೆ. ಎರಡೂ ಒಟ್ಟಿಗೇ ಫೋಕಸ್ ಆಗುತ್ತಿದ್ದವು. ಷಟರ್ ಕೂಡ ಅಗಲವಾಗಿ ತೆರೆಯುತ್ತಿತ್ತು, ಕಾಡಿನ ಮಬ್ಬಿನಲ್ಲಿ ಫಿಲ್ಮಿಗೆ ಜಾಸ್ತಿ ಬೆಳಕು ಸಿಗುತ್ತಿತ್ತು.

ಇಂಥ ಎರಡು ಕ್ಯಾಮೆರಾಗಳನ್ನು ರಾಬರ್ಟ್ ಫ್ಲಾಹರ್ಟಿ ಎಂಬ ಚಿತ್ರ ತಯಾರಕ 1920ರಲ್ಲಿ ಕೆನಡಾದ ಹಡ್ಸನ್ ಕೊಲ್ಲಿಗೆ ಒಯ್ದರು. ಅಲ್ಲಿನ ಚಳಿಗೆ ಎಣ್ಣೆ, ಗ್ರೀಸ್ ಗಟ್ಟಿಯಾಗಿ ಯಂತ್ರ ನಿಂತುಬಿಡುತ್ತದೆ. ಏಕ್ಲಿ ಕ್ಯಾಮೆರಾಕ್ಕೆ ಗ್ರಾಫೈಟ್ ಪುಡಿ ಸಾಕಿತ್ತು. ಉದ್ದ ಕೋರೆಹಲ್ಲಿನ ಕಡಲಪ್ರಾಣಿ ವಾಲ್ರಸ್‌ನ ಬೇಟೆ ಚಿತ್ರಿಸುವಾಗ, ಹಗ್ಗ ಕಟ್ಟಿದ ಈಟಿಗೆ ಸಿಕ್ಕ ಪ್ರಾಣಿ ಬೇಟೆಗಾರರನ್ನೇ ನೀರಿನ ಕಡೆಗೆ ಎಳೆಯಿತು. ಬಂದೂಕು ತೆಗೆಯಿರಿ ಎಂದು ಅವರು ಕೂಗಿದರೂ ಫ್ಲಾಹರ್ಟಿ ಕೇಳಿಸದವರಂತೆ ಹಿಡಿಕೆ ತಿರುಗಿಸುತ್ತಲೇ ಇದ್ದರು. ದೃಶ್ಯ ಅದ್ಭುತ, ನಿಜ. ಆದರೆ ಆ ನಡವಳಿಕೆ ನನಗೆ ಸರಿ ಕಾಣುವುದಿಲ್ಲ.

ಏಕ್ಲಿ 1921ರಲ್ಲಿ ಬೆಲ್ಜಿಯನ್ ಕಾಂಗೊದ ಮಿಕೆನೊ ಬೆಟ್ಟಕ್ಕೆ ಹೋದರು. ಮ್ಯೂಸಿಯಂಗಾಗಿ ಗೊರಿಲ್ಲಾಗಳನ್ನು ಕೊಂದು ತರುವುದು ಉದ್ದೇಶ. ಕೊಂದರು ಕೂಡ. ಜೊತೆಗೆ, ಕಾಡಿನಲ್ಲಿ ತಮ್ಮಷ್ಟಕ್ಕೆ ಓಡಾಡುತ್ತಿದ್ದ ಗೊರಿಲ್ಲಾಗಳನ್ನು ಮೊದಲ ಬಾರಿಗೆ ಚಲನಚಿತ್ರದಲ್ಲಿ ಸೆರೆಹಿಡಿದರು. ಜನ ಹೇಳುವಂತೆ ಅವು ರಾಕ್ಷಸರಲ್ಲ, ಸುಮ್ನೆ ತಮ್ಮ ಪಾಡಿಗೆ ಬದುಕುವ ಜೀವಿಗಳು ಎಂದು ಅವರಿಗೆ ಖಾತ್ರಿಯಾಯಿತು. ಊರಿಗೆ ಬಂದವರೇ ಅವುಗಳಿಗೊಂದು ರಕ್ಷಿತ ನೆಲ ಬೇಕೆಂದು ಬೆನ್ನುಹತ್ತಿದರು. 1925ರಲ್ಲಿ ಬೆಲ್ಜಿಯಂ ದೊರೆ ಆಲ್ಬರ್ಟ್ ಹೆಸರಿನಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಮರುವರ್ಷ ಏಕ್ಲಿ ಮತ್ತೆ ಆ ಬೆಟ್ಟ ಹತ್ತಿದರು. ಕಾಯಿಲೆ ಬಿದ್ದು ಅಲ್ಲೇ ತೀರಿಕೊಂಡರು. ಗೊರಿಲ್ಲಾಗಳು ಓಡಾಡುವ ಮಿಕೆನೊ ಇಳಿಜಾರಿನಲ್ಲೇ ಅವರನ್ನು ಮಣ್ಣುಮಾಡಿದರು.