ಛಾವಣಿಯದಲ್ಲ ತಪ್ಪು, ನೋಡುವ ಎತ್ತರದ್ದು

ಹೋದ ಚಳಿಗಾಲದಲ್ಲಿ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ನಮ್ಮನೆಗೆ ಬಂದ. ಇಲ್ಲೇ ಮಿಷಿಗನ್‌ನ ಆಬರ್ನ್ ಹಿಲ್ಸ್‌ನಲ್ಲಿ ಎಂಜಿನಿಯರ್. ಅವನ ಕೈಲಿದ್ದ ಶೂ ಡಬ್ಬಿಯಲ್ಲಿ 1969ರ ಡಾಡ್ಜ್ ಚಾರ್ಜರ್ ಕಾರಿನ ಪ್ಲಾಸ್ಟಿಕ್ ಮಾಡೆಲ್ಲಿನ ಬಾಡಿ ಇತ್ತು, 1/25 ಸ್ಕೇಲಿನದು, ಅಂದರೆ ನಿಜವಾದ ಕಾರಿನ ಇಪ್ಪತ್ತೈದನೇ ಒಂದು ಪಾಲು. ಛಾವಣಿ ಒಂದು ಕಡೆ, ಉಳಿದದ್ದು ಒಂದು ಕಡೆ.

"ಅಣ್ಣಾರ, ಛಾವಣಿ ಭಾಳ ಎತ್ತರ ಕಾಣತಿತ್ರಿ. ಒಂದ್ ಮಿಲಿಮೀಟರ್ ಇಳಸೂಣು ಅಂತ ಕೊಯ್ದೆ. ಈಗ ಗಾಜು ಕೂಡವಲ್ದು."

"ಕೊಯ್ಯೋಕೆ ಮುಂಚೆ ಅಳೆದ್ಯೇನಪ್ಪಾ?" ಅಂದೆ. ಇಲ್ಲ. ಫೋನಿನಲ್ಲಿ ಫೋಟೋ ನೋಡಿದ್ದ, ಪಕ್ಕದಲ್ಲಿ ಮಾಡೆಲ್ ಇಟ್ಟಿದ್ದ, ತೀರ್ಮಾನಕ್ಕೆ ಬಂದಿದ್ದ. ಟೇಪು ಹಚ್ಚಿ ಎರಡನ್ನೂ ಜೋಡಿಸಿ ಕ್ಯಾಲಿಪರ್ ಹಿಡಿದು ಅಳೆದೆ. ಕೊಯ್ದು ತೆಗೆದ ಆ ಒಂದು ಮಿಲಿಮೀಟರನ್ನು ಸೇರಿಸಿದರೆ ಛಾವಣಿ ಇರಬೇಕಾದಲ್ಲೇ ಇತ್ತು.

ಇಪ್ಪತ್ತು ವರ್ಷದಿಂದ ಬೇರೆಯವರಿಗಾಗಿ ಮಸಲ್ ಕಾರುಗಳ, ಅಂದರೆ ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರುಗಳ, ಕಿಟ್ (ಬಿಡಿಭಾಗಗಳಾಗಿ ಡಬ್ಬದಲ್ಲಿ ಬರುವ ಮಾಡೆಲ್) ಕಟ್ಟಿಕೊಡುತ್ತಿದ್ದೇನೆ. 'ಕಿಟ್ಟೇ ತಪ್ಪು' ಅನ್ನುವ ಮಾತು ಕೇಳದ ತಿಂಗಳಿಲ್ಲ. ತಪ್ಪಿರುವ ಕಿಟ್‌ಗಳು ಇಲ್ಲವೆಂದಲ್ಲ, ಇವೆ. ಆದರೆ ಹತ್ತಿರದಿಂದ ನೋಡಿದರೆ ಹೆಚ್ಚಿನ ಸಲ ತಪ್ಪು ಅಚ್ಚಿನದಲ್ಲ, ಟೈರಿನದು, ಇಲ್ಲವೇ ನೋಡುವ ಕಣ್ಣಿನ ಎತ್ತರದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ.

ಮೊದಲು ಅಳತೆ. 1/25 ಸ್ಕೇಲಿನಲ್ಲಿ ಒಂದು ಸೊಗಸಾದ ಅನುಕೂಲವಿದೆ. ಇಂಚಿಗೆ 25.4 ಮಿಲಿಮೀಟರ್, ಅದನ್ನು 25ರಿಂದ ಭಾಗಿಸಿದರೆ ಹತ್ತಿರಹತ್ತಿರ ಒಂದು. ಅಂದರೆ ನಿಜವಾದ ಕಾರಿನ ಒಂದು ಇಂಚು ಮಾಡೆಲ್ಲಿನಲ್ಲಿ ಒಂದು ಮಿಲಿಮೀಟರ್. ಚಾರ್ಜರ್‌ನ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 117 ಇಂಚು. ಕ್ಯಾಲಿಪರ್‌ನಲ್ಲಿ 119 ಮಿಲಿಮೀಟರ್ ಆಸುಪಾಸು ಬಂದರೆ ಸರಿ. ಇಡೀ ಕಾರಿನ ಉದ್ದ 208 ಇಂಚು, ಮಾಡೆಲ್ಲಿನಲ್ಲಿ ಸುಮಾರು 211 ಮಿಲಿಮೀಟರ್. ನಿಮ್ಮದು 220 ಬಂತೆನ್ನಿ, ಅದು 1/24 ಸ್ಕೇಲಿನ ಕಿಟ್. ಡಬ್ಬದ ಅಂಚಿನಲ್ಲಿ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಪ್ಲಾಸ್ಟಿಕ್ ಆರುವಾಗ ಸ್ವಲ್ಪ ಕುಗ್ಗುತ್ತದೆ, ಬಾಡಿಯ ಬದಿಗಳು ಕೆಲವೊಮ್ಮೆ ಒಳಕ್ಕೆ ಬಾಗಿರುತ್ತವೆ. ಹಾಗಾಗಿ ಅರ್ಧ ಮಿಲಿಮೀಟರ್ ವ್ಯತ್ಯಾಸಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದು ಬಾಡಿ ಅಳೆದು ಆ ಅಚ್ಚಿನಿಂದ ಬಂದ ಎಲ್ಲದರ ಬಗ್ಗೆ ತೀರ್ಪು ಕೊಡುವುದೂ ಇಲ್ಲ.

ಈಗ ಎತ್ತರದ ಮಾತು. ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲವಾದ್ದರಿಂದ ನಿಧಾನವಾಗಿ ಹೇಳುತ್ತೇನೆ. ರಸ್ತೆಯಲ್ಲಿ ಚಾರ್ಜರ್ ಪಕ್ಕ ನಿಂತವನ ಕಣ್ಣು ನೆಲದಿಂದ ಹೆಚ್ಚುಕಡಿಮೆ 160 ಸೆಂಟಿಮೀಟರ್ ಮೇಲಿರುತ್ತದೆ. 25ರಿಂದ ಭಾಗಿಸಿ: 64 ಮಿಲಿಮೀಟರ್. ಕಾರಿನ ಎತ್ತರ 53 ಇಂಚು, ಮಾಡೆಲ್ಲಿನಲ್ಲಿ 54 ಮಿಲಿಮೀಟರ್. ಅಂದರೆ ನಿಮ್ಮ ಕಣ್ಣು ಮಾಡೆಲ್ಲಿನ ಛಾವಣಿಗಿಂತ ಬರೀ ಒಂದು ಸೆಂಟಿಮೀಟರ್ ಮೇಲಿರಬೇಕು. ನೀವು ಮಾಡುವುದೇನು? ಕುರ್ಚಿಯಲ್ಲಿ ಕೂತು ಮೇಜಿನ ಮೇಲಿನ ಮಾಡೆಲ್ ನೋಡುತ್ತೀರಿ. ಕಣ್ಣು ಮೇಜಿನಿಂದ 45 ಸೆಂಟಿಮೀಟರ್ ಮೇಲೆ. 25ರಿಂದ ಗುಣಿಸಿ: 11 ಮೀಟರ್ ದಾಟಿತು. ಮೂರನೇ ಮಹಡಿಯ ಬಾಲ್ಕನಿಯಿಂದ ಬಗ್ಗಿ ಕೆಳಗೆ ನಿಂತ ಕಾರು ನೋಡಿದ ಹಾಗೆ. ಎದ್ದು ನಿಂತರೆ ಆರೇಳನೇ ಮಹಡಿ. ಅಲ್ಲಿಂದ ನೋಡಿದರೆ ಛಾವಣಿಯಲ್ಲದೆ ಮತ್ತೇನು ಕಂಡೀತು? ಅದರಲ್ಲೂ ಚಾರ್ಜರ್‌ನ ಹಿಂಗಾಜು ಒಳಗೆ ಹುದುಗಿ ಕೂತು, ಎರಡೂ ಬದಿಯ ಅಗಲವಾದ ಕಂಬಗಳು ಇಳಿಜಾರಾಗಿ ಡಿಕ್ಕಿಯವರೆಗೆ ಹರಿಯುತ್ತವೆ. ಮೇಲಿನಿಂದ ಅದಷ್ಟೂ ಒಂದೇ ದೊಡ್ಡ ಹಲಗೆಯ ಹಾಗೆ ಕಾಣುತ್ತದೆ.

ಮಂಡಿಯೂರಿ. ಗಲ್ಲವನ್ನು ಮೇಜಿನ ಅಂಚಿಗೆ ತನ್ನಿ. ಒಂದು ಕಣ್ಣು ಮುಚ್ಚಿ. ಫೋನಿನಲ್ಲಿ ತೆಗೆಯುವುದಾದರೆ ಲೆನ್ಸು ಛಾವಣಿಯ ಮಟ್ಟಕ್ಕಿರಲಿ. ಫೋಟೋದಲ್ಲಿರುವ ಕಾರನ್ನು ಐದು ಮೀಟರ್ ದೂರದಿಂದ ತೆಗೆದಿದ್ದರೆ ಮಾಡೆಲ್ಲಿಗೆ 20 ಸೆಂಟಿಮೀಟರ್ ದೂರ. ಎಂಟೇ ಸೆಂಟಿಮೀಟರ್ ದೂರಕ್ಕೆ ತಂದು ಕ್ಲಿಕ್ಕಿಸಿ "ಮೂತಿ ಊದಿಕೊಂಡಿದೆ" ಅಂದರೆ, ನಿಜವಾದ ಕಾರಿಗೂ ಎರಡು ಮೀಟರ್ ದೂರದಿಂದ ಹಾಗೇ ತೆಗೆದು ನೋಡಿ, ಅದರ ಮೂತಿಯೂ ಊದಿಕೊಳ್ಳುತ್ತದೆ.

ಕೆಲವರು ಹಳೆಯ ಜಾಹೀರಾತು ತರುತ್ತಾರೆ. ಪಾಂಟಿಯಾಕ್ ಜಿಟಿಒ ಕಟ್ಟಿಸುವವರಂತೂ ತಪ್ಪದೆ ತರುತ್ತಾರೆ. ಆ ಕಾಲದ ಪಾಂಟಿಯಾಕ್ ಜಾಹೀರಾತುಗಳಲ್ಲಿ ಬಹಳಷ್ಟು ಫೋಟೋಗಳೇ ಅಲ್ಲ, ಆರ್ಟ್ ಫಿಟ್ಜ್‌ಪ್ಯಾಟ್ರಿಕ್ ಮತ್ತು ವ್ಯಾನ್ ಕಾಫ್‌ಮನ್ ಜೋಡಿ ಬಿಡಿಸಿದ ಚಿತ್ರಗಳು. ಕಾರನ್ನು ಇದ್ದುದಕ್ಕಿಂತ ಅಗಲವಾಗಿ, ನೆಲಕ್ಕೆ ಅಂಟಿದಂತೆ ತೋರಿಸುವುದೇ ಅವರ ಕೈಚಳಕ. ಎಷ್ಟು ಚೆಂದದ ಚಿತ್ರಗಳು! ನನ್ನ ಕೋಣೆಯಲ್ಲೂ ಎರಡು ತೂಗುಹಾಕಿದ್ದೇನೆ. ಆದರೆ ಅಳತೆಗೆ ಅವನ್ನು ಹಿಡಿಯಬೇಡಿ.

ಹಳೆಯ ಅಮೆರಿಕನ್ ಕಿಟ್‌ಗಳ ಬಾಡಿಯನ್ನು ನಾನು ಸಾಮಾನ್ಯವಾಗಿ ನಂಬುತ್ತೇನೆ. ಅವುಗಳಲ್ಲಿ ಹಲವು, ಡೀಲರ್‌ಗಳು ಗಿರಾಕಿಗಳಿಗೆ ಕೊಡುತ್ತಿದ್ದ ಪುಟ್ಟ ಪ್ರಚಾರದ ಕಾರುಗಳಿಂದ ಹುಟ್ಟಿದವು. ಕಾರು ಕಂಪನಿಯ ನಕ್ಷೆಗಳನ್ನೇ ನೋಡಿ ಮಾಡಿದವು. ಕೆಳಭಾಗದ ಕಥೆ ಬೇರೆ. ಸೈಲೆನ್ಸರ್ ಚಾಸಿಗೇ ಅಂಟಿಕೊಂಡು ಅಚ್ಚಾಗಿರುತ್ತದೆ, ಮುಂದಿನ ಚಕ್ರಗಳ ಕಬ್ಬಿಣದ ಕಡ್ಡಿ ಎಷ್ಟೋ ಸಲ ಎಂಜಿನ್ನಿನ ಹೊಟ್ಟೆಯೊಳಗಿನಿಂದಲೇ ಹಾದುಹೋಗುತ್ತದೆ. ಕೆಳಗೆ ಕನ್ನಡಿ ಇಟ್ಟು ತೋರಿಸುವವರು ಹೊಸ ಅಚ್ಚಿನ ಕಿಟ್ ಕೊಳ್ಳುವುದು ಒಳ್ಳೆಯದು.

ಇನ್ನು ಒಂದೇ ಡಬ್ಬದಲ್ಲಿ ಎರಡು ಮೂರು ಬಗೆ ಕಟ್ಟುವ ವಿಚಾರ. ಎಎಂಟಿ ಎಂಬ ಅಮೆರಿಕದ ಕಿಟ್ ಕಂಪನಿ 1958ರಲ್ಲಿ ಶುರು ಮಾಡಿದ ಪದ್ಧತಿ: ಶೋರೂಮಿನಿಂದ ಬಂದಂತೆ, ಇಲ್ಲವೇ ಅಲಂಕಾರ ಮಾಡಿದ್ದು, ಇಲ್ಲವೇ ರೇಸಿನದು. ಇವತ್ತಿಗೂ ಕಿಟ್‌ನಲ್ಲಿ ಎರಡು ಜೊತೆ ಚಕ್ರ, ಎರಡು ಬಾನೆಟ್ ಇರುವುದುಂಟು. ಜನ "ಒಂದೂ ವೇಸ್ಟ್ ಆಗೋದು ಬೇಡ, ಚೆನ್ನಾಗಿರೋದೆಲ್ಲ ಹಾಕಿ, ಆದರೆ ಒರಿಜಿನಲ್ ಆಗಿರಲಿ" ಅನ್ನುತ್ತಾರೆ. ಆಗುವುದಿಲ್ಲ. ರೇಸಿನ ದಪ್ಪ ಟೈರು ಹಿಂದೆ ಹಾಕಿದ ಕೂಡಲೇ ಬಾಲ ಎರಡು ಮಿಲಿಮೀಟರ್ ಏಳುತ್ತದೆ, ಅಂದರೆ ಎರಡು ಇಂಚು. ಮೂತಿ ಬಗ್ಗುತ್ತದೆ, ಮುಂದಿನ ಗಾಜಿನ ಓರೆ ಬದಲಾಗುತ್ತದೆ. ಆಮೇಲೆ ದೂರು ಬರುವುದು ಛಾವಣಿಯ ಮೇಲೆ. ವರ್ಷಗಳನ್ನು ಬೆರೆಸುವುದೂ ಹೀಗೆಯೇ. 1970ರ 'ಪ್ಲಿಮತ್ ಕೂಡಾ' ಕಾರಿಗೆ ಎರಡೇ ಹೆಡ್‌ಲೈಟು. 1971ರದಕ್ಕೆ ನಾಲ್ಕು, ಜೊತೆಗೆ ಮುಂದಿನ ಮಡ್‌ಗಾರ್ಡಿನ ಮೇಲೆ ಮೀನಿನ ಕಿವಿರಿನಂಥ ನಾಲ್ಕು ಸೀಳು. ಆ ಕಿವಿರು ಚೆಂದವೆಂದು 1970ರ ಬಾಡಿಗೆ ಕೊರೆಸಿದರೆ ಅದು ಯಾವ ವರ್ಷದ ಕಾರೂ ಅಲ್ಲ.

ಬಣ್ಣದ ಬಗ್ಗೆ ಒಂದೇ ಮಾತು: ನಿಜವಾದ ಕಾರಿನ ಗೀರು ಮುಚ್ಚುವ ಟಚ್‌ಅಪ್ ಬಣ್ಣ ತರಬೇಡಿ. ಅದರೊಳಗಿನ ಮಿನುಗು ಚೂರು ಮಾಡೆಲ್ಲಿನ ಮೇಲೆ 25 ಪಟ್ಟು ದಪ್ಪ ಕಾಣುತ್ತದೆ. ಅದರ ಥಿನ್ನರ್ ಪ್ಲಾಸ್ಟಿಕ್ಕನ್ನು ತಿನ್ನುವುದೂ ಉಂಟು.

ಕೆಲವು ವರ್ಷದ ಹಿಂದೆ ಇಲ್ಲಿನ ಹಿರಿಯರೊಬ್ಬರು ತಮ್ಮ ಅಣ್ಣನ 1969ರ ಚಾರ್ಜರ್ ಕಟ್ಟಿಕೊಡಲು ಕೇಳಿದರು. ಅಣ್ಣ ತೀರಿಕೊಂಡು ಬಹಳ ಕಾಲವಾಗಿತ್ತು. ನಾನು ಫ್ಯಾಕ್ಟರಿಯಿಂದ ಬಂದ ಹಾಗೆ ಕಟ್ಟಿದೆ, ಕಿರಿದಾದ ಟೈರು, ಸಮನಾದ ನಿಲುವು. ನೋಡಿದವರೇ "ಛಾವಣಿ ಸರಿಯಿಲ್ಲ" ಅಂದರು. ನನ್ನ ಪಾಠ ಶುರುವಾಯಿತು. ಅವರನ್ನು ಮೇಜಿನ ಮುಂದೆ ಸ್ಟೂಲಿನ ಮೇಲೆ ಬಗ್ಗಿಸಿ ಕೂರಿಸಿದೆ. ಎಷ್ಟೋ ಹೊತ್ತು ನೋಡಿ, "ಹಿಂದೆ ಇಷ್ಟು ಕೆಳಗಿರಲಿಲ್ಲ" ಅಂದರು. ಆಮೇಲೆ ಪಾಕೀಟಿನಿಂದ ಒಂದು ಫೋಟೋ ತೆಗೆದರು. ಅಣ್ಣ ಹಿಂದಿನ ಪಟ್ಟಿ ಸ್ಪ್ರಿಂಗಿಗೆ ಉದ್ದನೆಯ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿಸಿ ಬಾಲ ಎತ್ತಿಸಿದ್ದ. 1970ರ ದಶಕದಲ್ಲಿ ಹುಡುಗರೆಲ್ಲ ಹಾಗೆ ಮಾಡಿಸುತ್ತಿದ್ದರು. ಆ ಫೋಟೋವನ್ನು ಮೊದಲೇ ಕೇಳದೆ ಹೋದದ್ದು ನನ್ನ ತಪ್ಪು. ಈಗ ಕೆಲಸ ಒಪ್ಪಿಕೊಳ್ಳುವ ಮೊದಲು ಕೇಳುವ ಪ್ರಶ್ನೆಯೇ ಅದು: ಯಾವ ಕಾರು ಅಲ್ಲ, ಆ ಕಾರಿನ ಯಾವ ದಿನ?

ಸ್ಪ್ರಿಂಗಿಗೂ ಚಾಸಿಗೂ ನಡುವೆ ಮೂರು ಮಿಲಿಮೀಟರ್ ಪ್ಲಾಸ್ಟಿಕ್ ಪಟ್ಟಿ ಇಟ್ಟು, ಡಬ್ಬದಲ್ಲಿದ್ದ ದಪ್ಪ ಟೈರು ಹಾಕಿದೆ. ಛಾವಣಿಗೆ ಕೈ ಹಚ್ಚಲಿಲ್ಲ. ಅವರು ಮುಂದಿನ ವಾರ ಬಂದು, ಹೇಳಿಸಿಕೊಳ್ಳದೆ ತಾವೇ ಸ್ಟೂಲಿನ ಮೇಲೆ ಬಗ್ಗಿ ಕೂತರು.